ಎರಡು ಪಾರ್ಟಿಯ ಊರಿನಲ್ಲಿ ಮೂರು ನಿಮಿಷ

ಹಿಂದೂಪುರದಲ್ಲಿ ನನ್ನ ಮುಖ ಗೊತ್ತಿರುವವರು ಕಡಿಮೆ, ದನಿ ಗೊತ್ತಿಲ್ಲದವರು ಇಲ್ಲ. ಆಟೋದ ತಲೆಯ ಮೇಲೆ ಎರಡು ಹಾರ್ನು ಕಟ್ಟಿಕೊಂಡು ಬೀದಿ ಬೀದಿ ಕೂಗುವುದು ನನ್ನ ಕಸುಬು. ಸೀರೆ ಅಂಗಡಿಯ ರಿಯಾಯಿತಿ, ನಲ್ಲಿ ನೀರು ಬರದ ದಿನ, ಕಣ್ಣಿನ ತಪಾಸಣೆ, ತಪ್ಪಿಸಿಕೊಂಡ ಎಮ್ಮೆ, ಯಾರದೋ ಸಾವು, ಎಲ್ಲವೂ ನನ್ನ ಬಾಯಿಂದಲೇ ಹೊರಡಬೇಕು. ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ. ಬಾಗಿಲಲ್ಲಿ ನಿಂತವರಿಗೆ ಆಟೋ ತಿರುವು ದಾಟುವವರೆಗೆ ಮಾತ್ರ ನಾನು ಕೇಳಿಸುತ್ತೇನೆ. ಅಷ್ಟರೊಳಗೆ ಯಾರು, ಏನು, ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದು ಅವರ ಕಿವಿಗೆ ಬೀಳಬೇಕು. ಬೀಳದಿದ್ದರೆ ಪೆಟ್ರೋಲು ದಂಡ. ಗಂಟೆಗಟ್ಟಲೆ ಕೊರೆಯುವ ಭಾಷಣಕಾರರನ್ನು ಕಂಡರೆ ನನಗೆ ಮೈ ಉರಿಯುವುದು ಅದಕ್ಕೇ. ಒಂದು ಎಮ್ಮೆ ಹುಡುಕಿಸಲು ಸಾಕಾಗುವ ಮಾತು ಅವರಿಗೆ ಒಂದು ನಮಸ್ಕಾರಕ್ಕೆ ಸಾಲುವುದಿಲ್ಲ.

ಎಲೆಕ್ಷನ್ ಬಂದರೆ ಯಾರು ಮೊದಲು ಕರೆಯುತ್ತಾರೋ ಅವರದೇ ನನ್ನ ಪಾರ್ಟಿ. ಬಾಯಿ ನನ್ನದು, ಮಾತು ಅವರದು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಅಂತ ಆಗ ಅನ್ನಿಸಿರಲಿಲ್ಲ.

ಅಕ್ಕನ ಫೋನು ಬಂದಾಗ ಮಗ್ಗದ ಬೀದಿಯಲ್ಲಿ ಆಟೋ ನಿಲ್ಲಿಸಿ ಮೈಕಿನಲ್ಲಿ ಕೂಗುತ್ತಿದ್ದೆ. ಗಡಿಯಲ್ಲಿ ಕಾಳಗ ಶುರುವಾಗಿ ಮೂರು ದಿನವಾಗಿತ್ತು. ಸೈನ್ಯಕ್ಕೆ ಸೇರಿದ್ದ ಅಕ್ಕನ ಒಬ್ಬನೇ ಮಗ ಅಲ್ಲಿದ್ದ.

"ಹೋಗ್ಬುಟ್ಟ ಕಣಪ್ಪಾ, ನಿನ್ನಳಿಯ," ಅಂದಳು.

ಶೆಲ್ ಬಿದ್ದು ಒಂದೇ ಕಾವಲು ಠಾಣೆಯ ನಾಲ್ವರು ಜವಾನರು ಸತ್ತಿದ್ದರು. ನಾನು ಮೈಕು ಆಫ್ ಮಾಡುವುದನ್ನು ಮರೆತಿದ್ದೆ. ನಾನು ಅತ್ತಿದ್ದು ಬೀದಿಗೆಲ್ಲ ಕೇಳಿಸಿತು. ಮಗ್ಗದ ಸದ್ದು ಒಂದೊಂದೇ ಮನೆಯಲ್ಲಿ ನಿಂತು, ಜನ ಹೊರಗೆ ಬಂದು ಆಟೋ ಸುತ್ತ ನಿಂತುಕೊಂಡರು.

ಅಕ್ಕನ ಊರು ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರದ ಕಡೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಅಲ್ಲಿ ಎರಡು ಪಾರ್ಟಿ. ಓಟಿನ ದಿನಕ್ಕೆ ಮಾತ್ರ ಅಲ್ಲ, ವರ್ಷವಿಡೀ. ಟೀ ಅಂಗಡಿ ಬೇರೆ ಬೇರೆ, ಗಣೇಶನನ್ನು ಕೂರಿಸುವ ಜಾಗ ಬೇರೆ ಬೇರೆ. ಇವರು ಹತ್ತಿದ ಜೀಪಿಗೆ ಅವರು ಹತ್ತುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಸಾವಿನ ವಿಷಯ. ಅಲ್ಲಿ ಸತ್ತವರನ್ನು ಹೂಳುತ್ತಾರೆ, ಊರಿನವರು ಒಂದೊಂದು ಹಿಡಿ ಮಣ್ಣು ಹಾಕಬೇಕು. ಆದರೆ ಒಂದು ಪಾರ್ಟಿಯ ಮನೆಯಲ್ಲಿ ಸಾವಾದರೆ ಇನ್ನೊಂದು ಪಾರ್ಟಿಯವರು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ. ಮಣ್ಣಿಗೆ ಬರದಿರುವುದಕ್ಕಿಂತ ದೊಡ್ಡ ಬೈಗುಳ ಆ ಊರಿನಲ್ಲಿಲ್ಲ.

ಭಾವ ಒಂದು ಪಾರ್ಟಿ, ಭಾವನ ಸ್ವಂತ ಅಣ್ಣ ಇನ್ನೊಂದು ಪಾರ್ಟಿ. ಅಳಿಯನಿಗೆ ಆತ ದೊಡ್ಡಪ್ಪ. ನಾನೂ ಹಾಗೇ ಕರೆಯುತ್ತೇನೆ. ಒಂದು ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಅಣ್ಣತಮ್ಮ ಎದುರಾಳಿಗಳಾಗಿ ನಿಂತರು, ತಲೆ ಒಡೆದವು, ಕೇಸು ಬಿತ್ತು. ಅದಾಗಿ ಎರಡು ವರ್ಷಕ್ಕೆ ದೊಡ್ಡಪ್ಪನ ಹೆಂಡತಿ ತೀರಿಕೊಂಡಳು. ಅಳಿಯನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹೆಂಗಸು. ಭಾವ ಮಣ್ಣಿಗೆ ಹೋಗಲಿಲ್ಲ, ಅಕ್ಕನನ್ನೂ ಬಿಡಲಿಲ್ಲ. ಎದುರುಬದುರು ಮನೆ. ಹೆಣ ಹೊರಡುವಾಗ ಅಕ್ಕ ಕಿಟಕಿಯ ಸಂದಿಯಿಂದ ನೋಡುತ್ತಾ, ಸದ್ದು ಹೊರಗೆ ಹೋಗಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳಂತೆ. ಆವತ್ತು ಭಾವನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಫೋನಿನಲ್ಲಿ ಅಕ್ಕ ಅತ್ತು ಮುಗಿಸಿ ಹೇಳಿದಳು: "ಯಾರ್ ಬಾಗ್ಲೂ ಹಾಕಿರ್ಬಾರ್ದು ಕಣಪ್ಪ. ಅವ್ರ ದೊಡ್ಡಪ್ಪ ಬಂದು ಮಣ್ಣಾಕ್ಬೇಕು. ಇಡೀ ಊರು ಹಾಕ್ಬೇಕು. ಇಲ್ದಿದ್ರೆ ನನ್ ಮಗ ದೇಶಕ್ಕೆ ಸತ್ತ ಅಂತ ಹೆಂಗ್ ಹೇಳ್ಲಿ? ಅರ್ಧ ಊರಿಗೆ ಸತ್ತ ಅನ್ಬೇಕಾಯ್ತದೆ."

"ನಾನೇನು ಮಾಡ್ಲಕ್ಕ?"

"ಇಬ್ರು ಲೀಡರ್‌ಗಳೂ ಮಾತಾಡ್ತೀವಿ ಅಂತವ್ರೆ. ಇವ್ನು ಮೈಕ್ ಹಿಡಿದ್ರೆ ಅವ್ರು ಬರಲ್ಲ, ಅವ್ನು ಹಿಡಿದ್ರೆ ಇವ್ರು ಇರಲ್ಲ. ಇಬ್ರೂ ಬ್ಯಾಡ ಅಂದ್ಬುಟ್ಟೆ. ನೀನು ಮಾತಾಡು. ಮೈಕ್ ಸೆಟ್ಟೂ ನಿಂದೇ ತಗಂಡ್ ಬಾ, ಇಲ್ಲಿರೋ ಎರಡೂ ಪಾರ್ಟಿವೇ."

ಹಿಂದಿನ ಎಲೆಕ್ಷನ್ನಿನಲ್ಲಿ ಭಾವನ ಪಾರ್ಟಿ ನನ್ನನ್ನು ಕರೆಸಿತ್ತು. ದೊಡ್ಡಪ್ಪನನ್ನು ನೀರು ಕಳ್ಳ ಎಂದು ಆ ಊರಿನ ಬೀದಿಗಳಲ್ಲಿ ಹದಿನೈದು ದಿನ ಕೂಗಿದ ದನಿ ನನ್ನದೇ. ಊರ ಬೋರ್‌ವೆಲ್ಲಿನ ನೀರನ್ನು ಆತ ತನ್ನ ಹೊಲಕ್ಕೆ ತಿರುಗಿಸಿಕೊಂಡ ಎಂದು ಅವರು ಬರೆದುಕೊಟ್ಟಿದ್ದರು. ಸುಳ್ಳು ಎಂದು ನನಗೆ ಗೊತ್ತಿತ್ತು. ಅದನ್ನು ಅಕ್ಕನಿಗೆ ನೆನಪಿಸಿದೆ.

"ನಂಗೇನು ಕಿವಿ ಇಲ್ವಾ? ಅವತ್ತೂ ಕೇಳಿದ್ದೆ. ನೀನೇ ಬಾ," ಅಂದು ಫೋನಿಟ್ಟಳು.

ಆಂಪ್ಲಿಫೈಯರ್ ಪೆಟ್ಟಿಗೆ, ಬ್ಯಾಟರಿ, ಎರಡು ಹಾರ್ನು ಹೊತ್ತುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ನಗುತ್ತಾ, "ಏಂ ಅನ್ನಾ, ಪೆಂಡ್ಲಿಕಾ?" ಅಂದ. ಮದುವೆಗಲ್ಲ, ಸಾವಿಗೆ ಅಂದೆ. ಆತ ಪೆಟ್ಟಿಗೆಯನ್ನು ಎತ್ತಿ ತನ್ನ ಸೀಟಿನ ಪಕ್ಕ ಇಟ್ಟುಕೊಂಡ. ಮಡಕಶಿರಾ ದಾಟಿ, ಪಾವಗಡ ದಾಟಿ, ಕಲ್ಯಾಣದುರ್ಗ ಬರುವಷ್ಟರಲ್ಲಿ ನಾಲ್ಕು ಹಾಳೆ ಭಾಷಣ ಬರೆದುಬಿಟ್ಟೆ. ಭಾಷಣಕಾರರನ್ನು ಬೈಯುವವನ ಯೋಗ್ಯತೆ ನೋಡಿ! ಹಿಮಾಲಯ ಬಂತು, ಹುಲಿ ಬಂತು, ರಕ್ತದ ಕಾಲುವೆ ಹರಿಯಿತು, ಶತ್ರುವಿನ ಹುಟ್ಟಡಗಿತು.

ಮಧ್ಯಾಹ್ನ ಅಕ್ಕನ ಮುಂದೆ ಕೂತು ಅದನ್ನು ಓದಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಇದ್ಯಾರ್ ಬಗ್ಗೆ ಕಣಪ್ಪ?" ಅಂದಳು.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ನಾಲ್ಕು ಹಾಳೆಯಲ್ಲಿ ಅಳಿಯ ಎಲ್ಲೂ ಇರಲಿಲ್ಲ. ಯಾರ ಹೆಸರು ಹಾಕಿದರೂ ನಡೆಯುತ್ತಿತ್ತು.

"ಶತ್ರು ಮಾತು ಬ್ಯಾಡ. ಅದನ್ನ ಟೀವಿನೋರು ಆಡ್ತಾವ್ರೆ," ಅಂದಳು. "ಪಾರ್ಟಿ ಮಾತೂ ಬ್ಯಾಡ. ನನ್ ಮಗ ಯಾರು ಅಂತ ಹೇಳು. ಅವನ ಜೊತೇಲಿ ಸತ್ತೋರ್ನೂ ಹೇಳು, ಅವ್ರೂ ಯಾರೋ ಹೆತ್ತ ಮಕ್ಳೇ. ಹೋದ ರಜಕ್ಕೆ ಬಂದಾಗ ದೊಡ್ಡಪ್ಪನ್ನ ನೋಡೋಕೆ ಹೋಗಿದ್ದ, ಗೊತ್ತಾ ನಿಂಗೆ? ಎದುರು ಮನೆ! ಬಾಗ್ಲಿಂದ ಹೋದ್ರೆ ಊರು ನೋಡ್ತದೆ ಅಂತ, ಕೆರೆ ಏರಿ ಸುತ್ಕಂಡು ಹಿತ್ಲಿಂದ ಹೋಗಿದ್ದ."

ಹೊರಗೆ ಭಾವ ಗೋಡೆಗೆ ಒರಗಿ ಕೂತಿದ್ದ. ಅವನಿಗೂ ಕೇಳಿಸಿರಬೇಕು. ತಲೆ ಎತ್ತಲಿಲ್ಲ.

ಸಂಜೆಯ ಹೊತ್ತಿಗೆ ಸೈನ್ಯದ ಅಧಿಕಾರಿಯೊಬ್ಬರು ಬಂದು ಮರುದಿನದ ವ್ಯವಸ್ಥೆ ಹೇಳಿದರು. ಶಾಲೆಯ ಮೈದಾನದಲ್ಲಿ ದರ್ಶನ, ಮನೆಯವರ ಪರವಾಗಿ ಒಬ್ಬರ ಮಾತು, ಆಮೇಲೆ ಹೊಲದಲ್ಲಿ ಗೌರವವಂದನೆ. ಮಾತು ಮೂರು ನಿಮಿಷಕ್ಕೆ ಮೀರಬಾರದು, ಬಿಸಿಲಲ್ಲಿ ಜವಾನರು ನಿಂತಿರುತ್ತಾರೆ ಅಂದರು. ನನಗೆ ಅವರ ಮೇಲೆ ಗೌರವ ಬಂತು.

ಮರುದಿನ ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಧ್ವಜ ಹೊದಿಸಿದ ಪೆಟ್ಟಿಗೆಯನ್ನು ಶಾಲೆಯ ಜಗಲಿಯ ಮೇಲೆ ಇಟ್ಟಿದ್ದರು. ಸುತ್ತಲ ಹಳ್ಳಿಗಳಿಂದ ಜನವೋ ಜನ. ಆದರೆ ಊರಿನವರು ಎರಡು ಪಾಲಾಗಿ ನಿಂತಿದ್ದರು. ಭಾವನ ಪಾರ್ಟಿ ಮೈದಾನದ ಒಳಗಿತ್ತು. ದೊಡ್ಡಪ್ಪನ ಪಾರ್ಟಿ ಕಾಂಪೌಂಡಿನ ಆಚೆ, ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ. ಅವರು ಬಂದಿದ್ದರು, ಒಳಗೆ ಬಂದಿರಲಿಲ್ಲ. ಅವರ ನಡುವೆ ದೊಡ್ಡಪ್ಪ ಕೈಕಟ್ಟಿ ನಿಂತಿದ್ದ. ಅವರ ಲೀಡರು ಆತನ ಕಿವಿಯಲ್ಲಿ ಏನೋ ಊದುತ್ತಿದ್ದ. ನಡುವೆ ಗೇಟಿನಲ್ಲಿ ಪೊಲೀಸರು. ಒಂದು ಮಾತು ಸರಿಯಾಗಿ ಬಿದ್ದರೆ ಒಳಗೆ ಬರುತ್ತಾರೆ, ತಪ್ಪಿ ಬಿದ್ದರೆ ಅಲ್ಲಿಂದಲೇ ಹೊರಟುಹೋಗುತ್ತಾರೆ. ಹಾಗಿತ್ತು.

ಅಧಿಕಾರಿ ಕೈಸನ್ನೆ ಮಾಡಿದರು. ನಾನು ಹೋಗಿ ಆಂಪ್ಲಿಫೈಯರ್ ಆನ್ ಮಾಡಿದೆ.

ಇಲ್ಲಿ ನನ್ನ ಕಸುಬಿನ ಒಂದು ಸಂಗತಿ ಹೇಳಬೇಕು. ಆಟೋ ಓಡಿಸುವವನೂ ನಾನೇ, ಕೂಗುವವನೂ ನಾನೇ ಆದ್ದರಿಂದ ಓಡುವಾಗ ಹ್ಯಾಂಡಲ್ ಬಿಡುವ ಹಾಗಿಲ್ಲ. ಅದಕ್ಕೆ ಮಾತನ್ನು ಮೊದಲೇ ಪೆನ್‌ಡ್ರೈವಿಗೆ ತುಂಬಿಟ್ಟು, ಸ್ವಿಚ್ ಹಾಕಿದ ಕೂಡಲೇ ತಾನಾಗಿ ಶುರುವಾಗುವ ಹಾಗೆ ಮಾಡಿಸಿಕೊಂಡಿದ್ದೆ. ಸೀರೆಯ ರಿಯಾಯಿತಿಯ ಪೆನ್‌ಡ್ರೈವನ್ನು ಹಿಂದೂಪುರದಲ್ಲೇ ಕಿತ್ತಿದ್ದೆ. ಹಿಂಬದಿಯ ತೂತಿನಲ್ಲಿ ಹಳೆಯದೊಂದು ಇತ್ತು, ಮುಂದಿನದನ್ನು ಕಿತ್ತರೆ ಅದು ಶುರುವಾಗುತ್ತದೆ. ಅದು ನೆನಪೇ ಇರಲಿಲ್ಲ.

ಎರಡು ಹಾರ್ನಿನಿಂದಲೂ ನನ್ನ ದನಿ ಹೊರಟಿತು, ಡೋಲಿನ ಸಮೇತ: "ಊರಿನ ನೀರು ಕುಡಿದು ಮುಗಿಸಿದ ಕಳ್ಳನಿಗೆ ಊರಿನ ಓಟು ಬೇಕಂತೆ! ಯಾರಪ್ಪಾ ಆ ದೊಡ್ಡ ಮನುಷ್ಯ?"

ಥೂ ನನ್ನ ಜನ್ಮಕ್ಕೆ! ಸ್ವಿಚ್ಚಿನ ಮೇಲೆ ಬೆರಳು ಕೂರಲಿಲ್ಲ. ಕೊನೆಗೆ ಬ್ಯಾಟರಿಯ ವೈರನ್ನೇ ಕಿತ್ತೆಸೆದೆ. ಆ ವೇಳೆಗೆ ಎರಡು ಸಾಲು ಹೋಗಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ನನ್ನ ಮಾತು ಹೋಗಿರಲೂ ಇಲ್ಲ, ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ಕಾದು ಕೂತಿತ್ತು.

ಬೇವಿನ ಮರದ ಕೆಳಗಿನಿಂದ ಒಂದು ಕೂಗು ಎದ್ದಿತು. "ಸಾವಿನ ಮನೇಲೂ ಬೈಯೋಕೆ ಕರುಸ್ಕಂಡವ್ರೆ ಕಣ್ಲಾ!" ಯಾರೋ ಕಲ್ಲಿಗೆ ಬಗ್ಗಿದರು. ಒಳಗಿನವರು ಗೇಟಿನ ಕಡೆ ನುಗ್ಗಿದರು. ಪೊಲೀಸರು ಲಾಠಿ ಅಡ್ಡ ಹಿಡಿದರು. ಅಧಿಕಾರಿ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ಅಕ್ಕನ ಕಡೆ ನೋಡಲು ಧೈರ್ಯವಾಗಲಿಲ್ಲ. ದೊಡ್ಡಪ್ಪ ಕಟ್ಟಿದ ಕೈ ಬಿಚ್ಚಿ, ತಿರುಗಿ, ಹೊರಡಲು ಒಂದು ಹೆಜ್ಜೆ ಇಟ್ಟಿದ್ದ.

ಹಳೆಯ ಪೆನ್‌ಡ್ರೈವ್ ಕಿತ್ತು ನೆಲಕ್ಕೆ ಹಾಕಿ, ವೈರು ಮತ್ತೆ ಸಿಕ್ಕಿಸಿ ಮೈಕು ಹಿಡಿದೆ. ಅಕ್ಕ ಹೇಳಿದ ಹಾಗೆ ರಾತ್ರಿ ಬರೆದು ಜೇಬಿನಲ್ಲಿಟ್ಟಿದ್ದ ಹೊಸ ಚೀಟಿ ತೆಗೆಯಲಿಲ್ಲ.

"ಈಗ ಕೇಳಿದ್ರಲ್ಲ, ಆ ದನಿ ನಂದೇ. ಆ ಮಾತು ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಬಾಡಿಗೆಗೆ ಆಡ್ದೆ. ದೊಡ್ಡಪ್ಪಾ, ತಪ್ಪಾಯ್ತು." ಅದನ್ನೇ ತೆಲುಗಿನಲ್ಲೂ ಹೇಳಿದೆ: "ತಪ್ಪು ನಾದಿ. ಕ್ಷಮಿಂಚಂಡಿ."

ಕೂಗು ನಿಂತಿತು. ಒಪ್ಪಿ ನಿಲ್ಲಿಸಿದ್ದಲ್ಲ, ಇವನು ಇನ್ನೇನು ಬೊಗಳುತ್ತಾನೋ ನೋಡೋಣ ಅಂತ.

"ಈ ಪೆಟ್ಟಿಗೇಲಿ ನನ್ನಕ್ಕನ ಮಗ ಅವ್ನೆ. ನಿಮ್ಮೆಲ್ರಿಗೂ ಗೊತ್ತಿರೋನೇ. ಅವನ ಜೊತೆ ಇನ್ನೂ ಮೂವರು ಸತ್ತವ್ರೆ. ಒಬ್ಬ ಪಂಜಾಬಿನೋನು, ಒಬ್ಬ ಬಿಹಾರದೋನು, ಒಬ್ಬ ನಾಗಾಲ್ಯಾಂಡಿನೋನು. ನಾಲ್ವರಿಗೂ ಬೇರೆ ಬೇರೆ ಭಾಷೆ, ಒಂದೇ ತಟ್ಟೇಲಿ ಊಟ. ನಮ್ಮೂರ ಕಡ್ಲೆಕಾಯಿ ಅವ್ರಿಗೆ ತಗಂಡ್ ಹೋಗಿ ಕೊಟ್ಟಿದ್ದ. ನಿಮ್ಮೂರು ಹೆಂಗೈತೆ ಅಂತ ಅವ್ರು ಕೇಳಿದ್ರಂತೆ. ನಮ್ಮೂರಲ್ಲಿ ಎಲ್ರೂ ಒಂದೇ ಮನೆಯೋರಿದ್ದಂಗೆ ಅಂದ್ನಂತೆ. ಸುಳ್ಳು ಹೇಳ್ದ. ಎದುರು ಮನೆ ದೊಡ್ಡಪ್ಪನ್ನ ನೋಡೋಕೆ ಕೆರೆ ಸುತ್ಕಂಡು ಹಿತ್ಲಿಂದ ಹೋಗ್ಬೇಕು ಅಂತ ಹೇಳೋಕೆ ಅವ್ನಿಗೆ ನಾಚ್ಕೆ ಆಯ್ತು.

"ಆ ಮೂವರೂ ಆ ಸುಳ್ಳನ್ನ ನಂಬ್ಕಂಡೇ ಸತ್ರು.

"ಇವತ್ತು ಇದೇ ಹೊತ್ತಲ್ಲಿ ಆ ಮೂರು ಊರಲ್ಲೂ ಹಿಂಗೇ ಜನ ನಿಂತಿರ್ತಾರೆ. ಅಲ್ಲೂ ಒಬ್ಬೊಬ್ಬ ತಾಯಿ ಇರ್ತಾಳೆ. ನಮ್ ಮಾತು ಅವ್ರಿಗೆ ಬರಲ್ಲ, ಅವ್ರ ಮಾತು ನಮಗೆ ಬರಲ್ಲ. ಸಾವು ಮಾತ್ರ ನಾಲ್ಕೂ ಊರಿಗೆ ಒಂದೇ. ಇವ್ನು ಹೇಳಿದ ಸುಳ್ಳನ್ನ ಇವತ್ತೊಂದಿನ ನಿಜ ಮಾಡಿ. ಮಣ್ಣು ಹಾಕೋಕೆ ಬನ್ನಿ. ಅಷ್ಟೇ."

ಮೂರು ನಿಮಿಷವೂ ಆಗಿರಲಿಲ್ಲ. ಆ ಸುಳ್ಳಿನ ಮಾತು ಚೀಟಿಯಲ್ಲಿ ಇರಲಿಲ್ಲ. ರಜೆ ಮುಗಿಸಿ ಹೋಗುವಾಗ ಹಿಂದೂಪುರದ ಸ್ಟೇಷನ್ನಿನಲ್ಲಿ ಅಳಿಯ ನನಗೊಬ್ಬನಿಗೆ ಹೇಳಿ, "ಅಮ್ಮನ್ಗೆ ಹೇಳ್ಬ್ಯಾಡ ಮಾವಾ," ಅಂದಿದ್ದ. ಅವಳ ಎದುರಿಗೇ, ಎರಡು ಹಾರ್ನಿನಲ್ಲಿ, ಊರಿಗೆಲ್ಲ ಹೇಳಿಬಿಟ್ಟಿದ್ದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಜೈಕಾರ ಹಾಕಲಿಲ್ಲ. ಕಲ್ಲಿಗೆ ಬಗ್ಗಿದ್ದವನು ಅದನ್ನು ಮೆಲ್ಲಗೆ ಕೆಳಗೆ ಬಿಟ್ಟ. ದೊಡ್ಡಪ್ಪ ಒಂದು ಗಳಿಗೆ ಪೆಟ್ಟಿಗೆಯ ಕಡೆ ನೋಡಿದ. ಆಮೇಲೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ತನ್ನ ಮನೆಯ ದಾರಿ ಹಿಡಿದುಬಿಟ್ಟ. ಅವನ ಹಿಂದೆ ಆ ಪಾರ್ಟಿಯೂ ಕರಗಿತು. ಅವರ ಲೀಡರು ಮಾತ್ರ ಮರದ ಕೆಳಗೆ ಒಂಟಿಯಾಗಿ ಉಳಿದ.

ಮಾತು ಬಲ್ಲವನಿಗೆ ಜಗಳವಿಲ್ಲವಂತೆ! ಮೂವತ್ತು ವರ್ಷ ಮಾತನ್ನೇ ಮಾರಿಕೊಂಡು ಬದುಕಿ, ಅಕ್ಕ ಕೇಳಿದ ಒಂದನ್ನು ಕೊಡಲಾಗಲಿಲ್ಲವಲ್ಲ ಎಂದು ಮೆರವಣಿಗೆಯ ಉದ್ದಕ್ಕೂ ನನ್ನನ್ನೇ ಬೈದುಕೊಂಡು ನಡೆದೆ.

ಹೊಲದ ಬದಿಯಲ್ಲಿ ಗುಂಡಿ ತೋಡಿದ್ದರು. ಜವಾನರು ಗಾಳಿಯಲ್ಲಿ ಗುಂಡು ಹಾರಿಸಿದರು. ಧ್ವಜವನ್ನು ಮಡಿಸಿ ಅಧಿಕಾರಿ ಅಕ್ಕನ ಕೈಗೆ ಕೊಟ್ಟರು. ಅವಳು ಅದನ್ನು ಎದೆಗೊತ್ತಿಕೊಂಡು ಹೆಂಗಸರ ಗುಂಪಿನಲ್ಲಿ, ದೂರದಲ್ಲಿ ನಿಂತಳು. ಆ ಊರಿನಲ್ಲಿ ಹೆಂಗಸರು ಮಣ್ಣಿನ ಜಾಗಕ್ಕೆ ಬರುವುದೇ ಅಪರೂಪ, ಬಂದರೂ ಗಂಡಸರದೆಲ್ಲ ಆದಮೇಲೆ. ಪೆಟ್ಟಿಗೆ ಇಳಿಯಿತು. ಭಾವ ಮೊದಲ ಹಿಡಿ ಹಾಕಿದ. ಆಮೇಲೆ ನಾನು, ಆಮೇಲೆ ಅವರ ಪಾರ್ಟಿಯವರು.

ಆಗ ಊರಿನ ಕಡೆಯಿಂದ ಧೂಳು ಎದ್ದಿತು. ದೊಡ್ಡಪ್ಪ ಬರುತ್ತಿದ್ದ, ಬರಿಗಾಲಲ್ಲಿ, ನಡುಬೀದಿಯಲ್ಲಿ. ಮನೆಗೆ ಹೋದವನು ಚಪ್ಪಲಿ ಬಿಟ್ಟು, ತನ್ನ ಪಾರ್ಟಿಯವರ ಬಾಗಿಲುಗಳನ್ನು ಒಂದೊಂದಾಗಿ ಬಡಿದು, ಒಳಗೆ ಕೂತವರನ್ನೂ ಮುದುಕರನ್ನೂ ಎಬ್ಬಿಸಿಕೊಂಡು ಬಂದಿದ್ದ. ಎಲ್ಲರ ಕೈಯಲ್ಲೂ ಮಣ್ಣು, ತಂತಮ್ಮ ಅಂಗಳದಿಂದ ತಂದದ್ದು. ಭಾವ "ಅಣ್ಣಾ..." ಅಂದ. ದೊಡ್ಡಪ್ಪ ಅವನ ಮುಖ ನೋಡಲಿಲ್ಲ. ಭಾವ ಸರಿದು ಜಾಗ ಬಿಟ್ಟ. ದೊಡ್ಡಪ್ಪ ಬಗ್ಗಿ ಮಣ್ಣು ಹಾಕಿದ.

ಆಮೇಲೆ ತಡೆಯುವವರೇ ಇರಲಿಲ್ಲ. ಈ ಪಾರ್ಟಿ, ಆ ಪಾರ್ಟಿ, ಪಕ್ಕದೂರಿನವರು, ಗೇಟಿನಲ್ಲಿದ್ದ ಪೊಲೀಸರು, ಜೀಪಿನ ಡ್ರೈವರು. ಒಂದೊಂದು ಹಿಡಿ ಅಂದರೂ ಅಷ್ಟು ಕೈ. ಗುಂಡಿ ತುಂಬಿತು, ನೆಲಕ್ಕೆ ಸಮ ಬಂತು, ದಿಬ್ಬವಾಯಿತು. ಇಬ್ಬರು ಸನಿಕೆಯಿಂದ ತಟ್ಟಿ ಗಟ್ಟಿ ಮಾಡಿಯೂಬಿಟ್ಟರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ, ಆ ಅಳುವಿನ ನಡುವೆಯೂ ನನ್ನ ಮಾತು ಗೆದ್ದಿತು ಎಂದು ಒಳಗೊಳಗೇ ಉಬ್ಬುತ್ತಿದ್ದೆ.

ಗಂಡಸರ ಸಾಲು ಮುಗಿದ ಮೇಲೆ ಅಕ್ಕ ಬಂದಳು. ಒಂದು ಕೈಯಲ್ಲಿ ಧ್ವಜ, ಇನ್ನೊಂದು ಕೈಯ ಮುಷ್ಟಿಯಲ್ಲಿ ಮಣ್ಣು. ದಿಬ್ಬವನ್ನು ನೋಡಿ ನಿಂತುಬಿಟ್ಟಳು.

"ಮುಗಿಸ್ಬುಟ್ರಾ?" ಅಂದಳು. "ನಂಗೊಂದು ಹಿಡಿ ಜಾಗ ಬಿಡ್ಲಿಲ್ವೇನಪ್ಪಾ?"

ನನ್ನನ್ನೇ ಕೇಳಿದಳು. ಊರನ್ನೆಲ್ಲ ಕರೆದಿದ್ದೆ, ಅಕ್ಕನ ಸರದಿ ಯಾವಾಗ ಅಂತ ಯೋಚನೆಯೇ ಮಾಡಿರಲಿಲ್ಲ.

ದೊಡ್ಡಪ್ಪ ಗುಂಪಿನಿಂದ ಬಂದು ದಿಬ್ಬದ ಪಕ್ಕ ಮಂಡಿಯೂರಿ ಕೂತ. ತಟ್ಟಿ ಗಟ್ಟಿಯಾಗಿದ್ದ ಮಣ್ಣನ್ನು ಉಗುರಿನಿಂದ ಕೆರೆದು, ಎರಡೂ ಕೈಯಿಂದ ಬಾಚಿ ಬಾಚಿ ತೆಗೆಯತೊಡಗಿದ. ಸ್ವಲ್ಪ ಹೊತ್ತಿಗೆ ಭಾವ ಎದುರು ಬದಿಯಲ್ಲಿ ಕೂತು ತಾನೂ ಕೆರೆಯತೊಡಗಿದ. ಮೊಣಕೈ ಮುಳುಗುವಷ್ಟು ಆಳವಾದಾಗ ದೊಡ್ಡಪ್ಪ ತಲೆ ಎತ್ತಿದ.

"ಹಾಕಮ್ಮಾ, ನಿನ್ ಮಗನ್ಗೆ," ಅಂದ.

ಅಕ್ಕ ಧ್ವಜವನ್ನು ನನ್ನ ಕೈಗೆ ಕೊಟ್ಟಳು. ಕೂತು, ಮುಷ್ಟಿ ಬಿಚ್ಚದೆ, ತೋಳನ್ನು ಆ ಗುಳಿಯೊಳಗೆ ಇಳಿಸಿ ದಿಬ್ಬದ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಳು. ಅಣ್ಣತಮ್ಮಂದಿರು ಗುಳಿ ಮುಚ್ಚಲು ಕೈಯಲ್ಲಿ ಮಣ್ಣು ಹಿಡಿದು ಎರಡೂ ಕಡೆ ಕಾಯುತ್ತಾ ಕೂತಿದ್ದರು.